ಹೊಳೆಯದ ವಾಚು

"ಕತ್ತಲಲ್ಲಿ ಹೊಳೆಯಬಾರದು. ಅಂಥ ವಾಚ್ ಇದೆಯಾ?"

ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯ ಸಮೇತ ತಲೆಯೆತ್ತಿದೆ. ಮಬ್ಬಾಗಿ ಒಂದು ಕಂಬ ಕಂಡಿತು. ಭೂತಗನ್ನಡಿ ತೆಗೆದು ನೋಡಿದರೆ ಕಂಬವಲ್ಲ, ಗಿರಾಕಿ. ಉದ್ದಕ್ಕಿದ್ದ. ಷರ್ಟಿನ ಗುಂಡಿಗಳನ್ನು ಒಂದೊಂದು ಮನೆ ತಪ್ಪಿಸಿ ಹಾಕಿಕೊಂಡಿದ್ದ. ತಾನು ಕೇಳಿದ್ದರಲ್ಲಿ ವಿಶೇಷವೇನೂ ಇಲ್ಲ ಎನ್ನುವ ಮುಖದಲ್ಲಿ ನಿಂತಿದ್ದ.

"ಎಲ್ಲರೂ ಹೊಳೆಯೋದೇ ಬೇಕು ಅಂತಾರೆ. ನಿಮ್ಮದೇನ್ರೀ ಉಲ್ಟಾ?"

"ನನ್ನ ಕೆಲಸಕ್ಕೆ ಹೊಳೆಯೋದು ಆಗಿಬರಲ್ಲ."

"ಏನು ಕೆಲಸ? ಕಳ್ಳತನಾನಾ?"

ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು, ಇಲ್ಲವೇ ಮುಖ ಊದಿಸಿಕೊಂಡು ಹೊರಟುಹೋಗುತ್ತಿದ್ದರು. ಇವನು ನಿಜವಾಗಿಯೂ ಯೋಚಿಸಿ ಉತ್ತರ ಕೊಟ್ಟ. "ಅಲ್ಲ. ಸಮುದ್ರದ ನೀರು ಅಳೆಯೋದು."

"ಯಾಕೆ, ಕಮ್ಮಿ ಆಗಿದೆ ಅಂತ ಯಾರಾದ್ರೂ ದೂರು ಕೊಟ್ರಾ?"

"ಇನ್ನೂ ಇಲ್ಲ," ಅಂದ.

ಒಂದು ಸಾದಾ ವಾಚ್ ತೆಗೆದು ಗಾಜಿನ ಮೇಲಿಟ್ಟೆ. ಅವನು ಜಾಕೆಟ್ ಬಿಚ್ಚಿದ, ವಾಚನ್ನು ಮೂಗಿನ ಹತ್ತಿರ ಹಿಡಿದ, ಜಾಕೆಟ್ಟನ್ನು ತಲೆಯ ಮೇಲೆ ಮುಸುಕು ಹಾಕಿಕೊಂಡುಬಿಟ್ಟ. ಹಾಡಹಗಲು, ನಮ್ಮ ಅಂಗಡಿಯ ನಟ್ಟನಡುವೆ.

ಒಳಕೋಣೆಯ ಪರದೆ ಸರಿಸಿ ಅಪ್ಪ ಇಣುಕಿದರು. "ಏನಮ್ಮಾ ಇದು?"

"ಗಿರಾಕಿ ಅಪ್ಪಾ."

"ಹುಷಾರಾಗಿದಾರಾ?"

ಮುಸುಕಿನೊಳಗಿಂದಲೇ ಉತ್ತರ ಬಂತು. "ಹುಷಾರಾಗಿದೀನಿ ಸರ್. ಇದು ಹೊಳೀತಿಲ್ಲ. ಇದೇ ಇರಲಿ."

ಅವನು ಹೋದ ಮೇಲೆ ನಾನೂ ಅಪ್ಪನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಪ್ಪ ಹಾಗೆ ನಕ್ಕು ಬಹಳ ಕಾಲವಾಗಿತ್ತು. ಕೈ ನಡುಗಲು ಶುರುವಾದ ಮೇಲೆ ರಿಪೇರಿಯ ಮೇಜನ್ನು ನನಗೆ ಬಿಟ್ಟುಕೊಟ್ಟು ಒಳಗೆ ಪೇಪರ್ ಓದುತ್ತ ಕೂರುತ್ತಿದ್ದರು. ಅಮ್ಮ ನಾನು ಸ್ಕೂಲಿನಲ್ಲಿದ್ದಾಗಲೇ ತೀರಿಹೋಗಿದ್ದಳು. ಅಂಗಡಿಯಲ್ಲಿ ಬಾಯಿಬಿಡುವವಳು ನಾನೊಬ್ಬಳೇ, ಮಿಕ್ಕವೆಲ್ಲ ಟಿಕ್ ಟಿಕ್ ಅನ್ನುವವು.

ಅವನು ಮತ್ತೆ ಬಂದ. ವಾಚಿನ ಬೆಲ್ಟಿಗೆ ಇನ್ನೊಂದು ತೂತು ಬೇಕು ಅಂತ ಬಂದ. ಮುಂದಿನ ವಾರ ಆ ತೂತು ಬಿಗಿಯಾಯಿತು ಅಂತ ಬಂದ. ಅದರ ಮುಂದಿನ ವಾರ, ಟೈಮ್ ಸರಿಯಾಗಿದೆಯಾ ನೋಡಿ ಅಂತ ಬಂದ.

"ಗೋಡೆ ತುಂಬ ಗಡಿಯಾರ ಇವೆ. ನೀವೇ ನೋಡ್ಕೊಳ್ಳಿ."

"ಒಂದೊಂದೂ ಒಂದೊಂದು ಟೈಮ್ ತೋರಿಸ್ತಿದೆ."

"ರಿಪೇರಿಗೆ ಬಂದವು ಅವು. ನಿಮ್ಮ ಹಾಗೆ."

ಅವನ ಕಿವಿ ಕೆಂಪಾಯಿತು. ನನಗೇನೂ ಕಾಣಲಿಲ್ಲ ಎನ್ನುವ ಹಾಗೆ ಚಿಮಟ ಒರೆಸುತ್ತ ಕೂತೆ. ಕಂಡಿತ್ತು, ಎಲ್ಲ ಕಂಡಿತ್ತು. ಎಡಗಿವಿ ಮೊದಲು, ಆಮೇಲೆ ಬಲಗಿವಿ.

ನನ್ನ ಮಾತು ಚುಚ್ಚುತ್ತದೆ ಅಂತ ಅವನು ನನಗೆ ಮುಳ್ಳಮ್ಮ ಅಂತ ಹೆಸರಿಟ್ಟ. ನಾನು ಅವನನ್ನು ಉಪ್ಪುನೀರು ಅಂದೆ. ಹೆಸರಿಟ್ಟುಕೊಂಡ ಮೇಲೆ 'ರೀ' ಎನ್ನುವುದು ತಾನಾಗಿಯೇ ಉದುರಿಹೋಯಿತು.

"ಅಷ್ಟಕ್ಕೂ ನೀರಲ್ಲಿ ಏನನ್ನ ಅಳೀತೀಯ ನೀನು?" ಒಂದು ಮಧ್ಯಾಹ್ನ ಕೇಳಿದೆ.

"ನೀರಲ್ಲಿ ಹೈಡ್ರೋಜನ್ ಇರುತ್ತಲ್ಲ, ಅದಕ್ಕೊಬ್ಬ ದಪ್ಪ ಅಣ್ಣ ಇದಾನೆ. ಟ್ರಿಟಿಯಮ್ ಅಂತ. ಮಳೆ ಜೊತೆ ಆಕಾಶದಿಂದ ಸಮುದ್ರಕ್ಕೆ ಇಳೀತಾನೆ. ನೀರು ಆಳಕ್ಕೆ ಮುಳುಗಿಬಿಟ್ಟರೆ ಹೊಸಬ ಸೇರೋಕಾಗಲ್ಲ, ಇದ್ದವನು ಕರಗ್ತಾ ಹೋಗ್ತಾನೆ. ಉಳಿದಿದ್ದೆಷ್ಟು, ಕರಗಿದ್ದೆಷ್ಟು ಅಂತ ಅಳೆದ್ರೆ, ಆ ನೀರು ಕೊನೇ ಸಲ ಆಕಾಶ ನೋಡಿದ್ದು ಯಾವಾಗ ಅಂತ ಹೇಳಬಹುದು."

ಇದನ್ನು ಹೇಳುವಾಗ ಅವನ ಮುಖ ನೋಡಬೇಕಿತ್ತು. ಪಕ್ಕದ ಬೀದಿಯಲ್ಲಿರುವ ನೆಂಟರ ವಿಷಯ ಹೇಳುವವನ ಹಾಗೆ ಹೇಳುತ್ತಿದ್ದ. ನನಗೆ ಅವನ ಮೇಲೆ ಮನಸ್ಸಾದದ್ದು ಆಗಲೇ. ಸುಮ್ಮನೆ ಸುತ್ತಿ ಬಳಸಿ ಹೇಳುವುದೇಕೆ.

"ಎಷ್ಟು ಬೇಗ ಕರಗ್ತಾನೆ ನಿನ್ನ ಅಣ್ಣ?"

"ಹನ್ನೆರಡು ವರ್ಷ ಚಿಲ್ಲರೆಗೆ ಅರ್ಧ. ಇನ್ನೊಂದು ಹನ್ನೆರಡಕ್ಕೆ ಆ ಅರ್ಧದಲ್ಲಿ ಅರ್ಧ."

"ಪೂರ್ತಿ ಮುಗಿಯೋದು?"

"ಲೆಕ್ಕದ ಪ್ರಕಾರ ಪೂರ್ತಿ ಮುಗಿಯೋದೇ ಇಲ್ಲ," ಅಂದ. ಅಂದವನು ನನ್ನ ಮುಖವನ್ನೇ ನೋಡಿದ. ಚಿಮಟದಲ್ಲಿದ್ದ ಸ್ಕ್ರೂ ಎಲ್ಲೋ ಹಾರಿತು.

ಸ್ಕ್ರೂ ಹುಡುಕುತ್ತ ಇಬ್ಬರೂ ನೆಲದ ಮೇಲೆ ಮಂಡಿಯೂರಿದ್ದಾಗ ವಾಚಿನ ವಿಷಯ ಹೇಳಿದ. ಹಿಂದೆ ಕೆಲವು ವಾಚುಗಳ ಮುಳ್ಳಿಗೆ ಬಳಿಯುತ್ತಿದ್ದ ಹೊಳೆಯುವ ಬಣ್ಣದಲ್ಲೂ ಅದೇ ಟ್ರಿಟಿಯಮ್ ಇರುತ್ತಿತ್ತಂತೆ. ಮೈಗೇನೂ ಆಗುವುದಿಲ್ಲ, ಒಂದು ಹಾಳೆ ಕಾಗದ ದಾಟುವ ತ್ರಾಣವೂ ಅದಕ್ಕಿಲ್ಲ. ಆದರೆ ಸಮುದ್ರದ ಆಳದ ನೀರಿನಲ್ಲಿ ಅದು ಎಷ್ಟು ಕಮ್ಮಿಯೆಂದರೆ, ಅಂಥ ಒಂದು ವಾಚ್ ಕಟ್ಟಿಕೊಂಡು ಪಕ್ಕದಲ್ಲಿ ನಿಂತರೂ ಸಾಕು, ಅಳತೆ ಕೆಟ್ಟುಹೋಗುತ್ತದೆ.

"ಇಲ್ಲಿ ಅಂಥವು ಇವೆಯಾ?"

"ಒಂದೂ ಇಲ್ಲ. ನಂಬಿಕೆ ಇಲ್ಲದಿದ್ರೆ ಬಾ, ಕತ್ತಲು ಮಾಡಿ ತೋರಿಸ್ತೀನಿ."

ಊಟದ ಹೊತ್ತು. ಅಪ್ಪ ಒಳಗೆ ಮಲಗಿದ್ದರು. ಶಟರ್ ಎಳೆದೆ, ದೀಪ ಆರಿಸಿದೆ. ಗೋಡೆಯ ಗಡಿಯಾರಗಳೆಲ್ಲ ಒಟ್ಟಿಗೆ ದನಿ ಏರಿಸಿದ ಹಾಗಾಯಿತು. ಅವನ ಮೈಯ ಬಿಸುಪು ನನ್ನ ಭುಜಕ್ಕೆ ತಾಗುವಷ್ಟು ಹತ್ತಿರದಲ್ಲಿತ್ತು, ತಾಗಲಿಲ್ಲ.

"ಹೊಳೆಯೋದು ಒಂದೂ ಇಲ್ಲ ನೋಡು," ಪಿಸುಗುಟ್ಟಿದೆ. ಯಾಕೆ ಪಿಸುಗುಟ್ಟಿದೆನೋ.

"ಇಲ್ಲ," ಅವನೂ ಪಿಸುಗುಟ್ಟಿದ.

"ಲೈಟ್ ಹಾಕ್ಲಾ?"

"ಕಣ್ಣು ಕತ್ತಲಿಗೆ ಹೊಂದ್ಕೊಳ್ಳೋಕೆ ಸ್ವಲ್ಪ ಹೊತ್ತು ಬೇಕು. ಇನ್ನೂ ಸ್ವಲ್ಪ ನೋಡೋಣ."

ಇನ್ನೂ ಸ್ವಲ್ಪ ನೋಡಿದೆವು.

ಹೊಳಪು ಸತ್ತುಹೋದ ಮೇಲೂ ಆ ಬಣ್ಣದಿಂದ ಟ್ರಿಟಿಯಮ್ ಸೋರುತ್ತಲೇ ಇರುತ್ತದೆ ಎನ್ನುವುದು ಅವನಿಗೆ ಗೊತ್ತಿತ್ತು. ಎಷ್ಟೋ ಜನರಿಗೆ ಅವನೇ ಹೇಳಿದ್ದ. ಆ ಮಧ್ಯಾಹ್ನ ಮಾತ್ರ ಅದು ಅವನ ತಲೆಗೆ ಹೊಳೆಯಲಿಲ್ಲ. ನನಗಂತೂ ಗೊತ್ತೇ ಇರಲಿಲ್ಲ. ನನ್ನ ಮೇಜಿನ ಕೆಳಗಿನ ಡ್ರಾಯರಿನಲ್ಲಿ ಅಪ್ಪನ ಹಳೇ ತಗಡಿನ ಡಬ್ಬಿಯೊಂದು ಕತ್ತಲಲ್ಲಿ ಕತ್ತಲಾಗಿ ಕೂತಿತ್ತು.

ಅಂಗಡಿಗೆ ರಜೆಯ ದಿನ ನಾವು ಊರೆಲ್ಲ ಸುತ್ತುತ್ತಿದ್ದೆವು. ಬಸ್ಸಿನ ಕೊನೆಯ ಸೀಟು, ಪಾರ್ಕಿನ ಮುರಿದ ಬೆಂಚು, ಸೇತುವೆಯ ಕಟಕಟೆ. ಕೈ ಹಿಡಿದುಕೊಂಡೇ ತಿರುಗುತ್ತಿದ್ದೆವು, ಬಿಟ್ಟರೆ ಯಾರಾದರೂ ಎತ್ತಿಕೊಂಡು ಹೋಗುತ್ತಾರೆ ಎನ್ನುವ ಹಾಗೆ. ವಾರವಿಡೀ ಮೇಜಿನ ಮೇಲೆ ದುಡಿದ ನನ್ನ ಕೈ, ಅದೇ ಮೇಜಿನ ಮುಂದೆ ತೊಟ್ಟ ಸ್ವೆಟರು. ನಮಗೇನು ಗೊತ್ತು.

ಅವನಿಗೆ ಸುಳ್ಳು ಬರುತ್ತಿರಲಿಲ್ಲ. ಬರುತ್ತಿರಲಿಲ್ಲ ಎಂದರೆ, ಕೆಲವರಿಗೆ ಈಜು ಬರುವುದಿಲ್ಲವಲ್ಲ, ಹಾಗೆ.

"ಈ ಬಣ್ಣ ನಂಗೆ ಒಪ್ಪುತ್ತಾ?"

ಎಡದಿಂದ ನೋಡಿದ, ಬಲದಿಂದ ನೋಡಿದ. "ಒಪ್ಪುತ್ತೆ. ನೆರಳಲ್ಲಿ."

"ನನ್ನ ಎಷ್ಟು ಇಷ್ಟಪಡ್ತೀಯ?"

"ತುಂಬಾ."

"ತುಂಬಾ ಅಂದ್ರೆ? ಅಳೆಯೋನಲ್ವಾ ನೀನು, ಸರಿಯಾಗಿ ಹೇಳು."

"ಅಳೀಬೇಕಂದ್ರೆ ಅದರಿಂದ ಸ್ವಲ್ಪ ಆಚೆ ನಿಂತ್ಕೋಬೇಕು ಮುಳ್ಳಮ್ಮ. ನಾನು ಪೂರ್ತಿ ಒಳಗಿದೀನಲ್ಲ."

ಇಂಥ ಮಾತು ಕೇಳಿದ ಮೇಲೆ ಯಾರು ತಾನೇ ನೆಟ್ಟಗೆ ನಡೆಯಲು ಸಾಧ್ಯ. ಕಟಕಟೆ ಹಿಡಿದುಕೊಂಡು ನಿಂತೆ.

ಒಮ್ಮೆ ಲ್ಯಾಬಿಗೂ ಕರೆದುಕೊಂಡು ಹೋದ. ಬಾಗಿಲಲ್ಲೇ ಅಲ್ಲಿಯ ಮುಖ್ಯಸ್ಥೆ ಮೇಡಂ, ನೆರೆತ ತುಂಡುಗೂದಲಿನವರು, ಬಂದವರೆಲ್ಲರ ಮಣಿಕಟ್ಟು ನೋಡುತ್ತಿದ್ದರು. ನನ್ನದನ್ನೂ ನೋಡಿದರು.

"ವಾಚ್ ರಿಪೇರಿಯವರಂತೆ. ಕೈಯಲ್ಲಿ ವಾಚೇ ಇಲ್ವಲ್ಲಮ್ಮ?"

"ದಿನವಿಡೀ ಅವುಗಳ ಜೊತೆ ಹೆಣಗಾಡಿ ಸಾಕಾಗಿರುತ್ತೆ ಮೇಡಂ. ಮೈಮೇಲೂ ಬೇಕಾ?"

ಒಳಗೆ ಅವನು ಗಾಜಿನ ಬುರುಡೆಗಳ ಸಾಲು ತೋರಿಸಿದ. ಸಮುದ್ರದ ಆಳದಿಂದ ಹಡಗಿನಲ್ಲಿ ಹೋಗಿ ತಂದ ನೀರು. ಅದರೊಳಗಿನ ಗಾಳಿಯನ್ನೆಲ್ಲ ಎಳೆದು ತೆಗೆದು, ಬುರುಡೆಯ ಕುತ್ತಿಗೆಯನ್ನು ಬೆಂಕಿಯಲ್ಲಿ ಕರಗಿಸಿ ಮುಚ್ಚಿ, ಅರ್ಧ ವರ್ಷ ಇಟ್ಟುಬಿಡುತ್ತಾರೆ. ಟ್ರಿಟಿಯಮ್ ಕರಗುತ್ತ ಹುಟ್ಟಿಸುವ ಹೀಲಿಯಮ್ ಅಷ್ಟರಲ್ಲಿ ಒಳಗೆ ಸೇರಿಕೊಳ್ಳುತ್ತದಂತೆ. ಆಮೇಲೆ ಒಡೆದು ಅದನ್ನು ಅಳೆಯುವುದು.

"ನಾನಾಗಿದ್ರೆ ಒಂದೇ ವಾರಕ್ಕೆ ಒಡೆದು ನೋಡ್ತಿದ್ದೆ. ಇದೊಂದು ಯಾಕೆ ಬೇರೆ ಇಟ್ಟಿದೀಯ?"

"ಅದು ಬ್ಲ್ಯಾಂಕು. ಟ್ರಿಟಿಯಮ್ಮೇ ಇಲ್ಲದ ನೀರು. ಏನೂ ಇಲ್ಲದ್ದನ್ನ ಅಳೆದು ನೋಡಿದ್ರೇನೇ, ಇರೋದರ ಲೆಕ್ಕ ಸರಿಯಾಗಿ ಸಿಗೋದು."

ಬುದ್ಧಿವಂತ ಅಂತ ಅವನ ಕೆನ್ನೆ ಚಿವುಟಿದೆ. ಮೇಡಂ ಕೆಮ್ಮಿದರು.

ಮೊದಲ ಸಲ ಅವನು ಅಪ್ಪನನ್ನು 'ಮಾವ' ಅಂದಾಗ ಅಪ್ಪನ ಕೈಯಿಂದ ಪೇಪರ್ ಜಾರಿತು. ಎತ್ತಿಕೊಡಲು ಇಬ್ಬರೂ ಬಗ್ಗಿ ತಲೆಗೆ ತಲೆ ಡಿಕ್ಕಿ ಹೊಡೆದುಕೊಂಡರು. ಮರುದಿನವೇ ಅಪ್ಪ ಊರಲ್ಲಿದ್ದ ತಂಗಿಗೆ, ನನ್ನ ಸೋದರತ್ತೆಗೆ, ಫೋನ್ ಮಾಡಿ ಹುಡುಗನನ್ನು ನೋಡಲು ಬಾ ಅಂದರು. ಅತ್ತೆ ಒಪ್ಪಿದರೆ ಮದುವೆಯ ದಿನ ಗೊತ್ತು ಮಾಡುವುದು.

ಅಷ್ಟೇ ಅಲ್ಲ. ನಡುಗುವ ಕೈಯಲ್ಲೇ ಅಪ್ಪ ಒಳಗೆ ಕೂತು ಏನೋ ಮಾಡಲು ಶುರುಮಾಡಿದರು. ಸಹಾಯ ಮಾಡಲು ಹೋದರೆ ಪರದೆ ಎಳೆದುಕೊಳ್ಳುತ್ತಿದ್ದರು.

"ಅಳಿಯನಿಗೆ ನನ್ನ ಕೈಯಾರೆ ಒಂದು ವಾಚ್ ಕೊಡಬೇಕು. ನೀನು ಬಂದು ಮೂಗು ತೂರಿಸಬೇಡ."

ಆ ಹೊತ್ತಿಗೆ ಅರ್ಧ ವರ್ಷ ತುಂಬಿತ್ತು. ಲ್ಯಾಬಿನಲ್ಲಿ ಮೊದಲ ಬುರುಡೆಗಳನ್ನು ಒಡೆದರು. ಅವತ್ತಿನಿಂದ ಅವನು ಬರುವುದು ನಿಂತಿತು.

ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಮೆಸೇಜ್ ಮಾತ್ರ ಬರುತ್ತಿತ್ತು. "ಬರೋಕೆ ಆಗಲ್ಲ. ಆಮೇಲೆ ಹೇಳ್ತೀನಿ." ಹುಷಾರಿಲ್ಲವಾ? "ಹುಷಾರಾಗಿದೀನಿ." ನನ್ನ ಮೇಲೆ ಕೋಪವಾ? "ಇಲ್ಲ." ಮತ್ತೇನು? "ಆಮೇಲೆ ಹೇಳ್ತೀನಿ."

ಅತ್ತೆ ಬರುವ ದಿನ ಗೊತ್ತಿತ್ತಲ್ಲ ಅವನಿಗೆ. ಅವತ್ತಾದರೂ ಬಂದೇ ಬರುತ್ತಾನೆ ಅಂದುಕೊಂಡೆ. ಅಪ್ಪ ಇಸ್ತ್ರಿ ಮಾಡಿದ ಕೋಟು ಹಾಕಿ, ಪುಟ್ಟ ಪೆಟ್ಟಿಗೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲಿಗೆ ಎದುರಾಗಿ ಕೂತರು. ಬಾಗಿಲು ಸದ್ದಾದಾಗಲೆಲ್ಲ ಎದ್ದು ನಿಲ್ಲುತ್ತಿದ್ದರು. ಬಂದವರೆಲ್ಲ ಬ್ಯಾಟರಿ ಕೇಳುವವರು.

ಅತ್ತೆ ಟೀ ಕುಡಿದರು. ಇನ್ನೊಂದು ಸಲ ಕುಡಿದರು. ಕೊನೆಗೆ ತಡೆಯಲಾಗದೆ ಅಂದೇಬಿಟ್ಟರು. "ಹುಡುಗ ಸಮುದ್ರದಲ್ಲಿ ಮುಳುಗಿಹೋದ್ನೇನೇ?"

"ಕೆಲಸ ಇರುತ್ತೆ. ದೊಡ್ಡ ಕೆಲಸದಲ್ಲಿರೋರು," ಅಂದರು ಅಪ್ಪ. ಪೆಟ್ಟಿಗೆಯನ್ನು ಡ್ರಾಯರಿಗೆ ಸೇರಿಸಿದರು. ಕೋಟು ಬಿಚ್ಚುವಾಗ ಗುಂಡಿ ಬಿಚ್ಚಲಾಗಲಿಲ್ಲ ಅವರಿಗೆ, ನಾನೇ ಬಿಚ್ಚಿದೆ.

ಮರುದಿನ ಮಾನ ಮರ್ಯಾದೆ ಬಿಟ್ಟು ಲ್ಯಾಬಿಗೆ ಹೋದೆ. ಗಾಜಿನ ಗೋಡೆಯ ಆಚೆ ಕಾರಿಡಾರಿನಲ್ಲಿ ಅವನು ಬರುತ್ತಿದ್ದ. ನನ್ನನ್ನು ನೋಡಿದ. ಮುಖ ಅರಳಿತು, ಅದು ನನ್ನ ಕಣ್ಣಿಗೆ ಬಿತ್ತು. ಆಮೇಲೆ ಅಂಗೈ ಎತ್ತಿ, ಅಲ್ಲೇ ನಿಲ್ಲು ಎನ್ನುವ ಹಾಗೆ ತೋರಿಸಿ, ಹಿಂದೆ ಹಿಂದೆ ಸರಿದು ಒಳಗೆ ಹೋಗಿಬಿಟ್ಟ.

ಹೇಗೆ ಮನೆಗೆ ಬಂದೆನೋ ಗೊತ್ತಿಲ್ಲ. ಬಂದವಳು ಊಟ ಬಿಟ್ಟೆ, ಬೈಯುವುದನ್ನೂ ಬಿಟ್ಟೆ. ಅಪ್ಪ ಹೆದರಿದ್ದು ಬೈಯುವುದು ನಿಂತದ್ದಕ್ಕೆ.

ಕೆಲವು ವಾರ ಕಳೆದವು. ಒಂದು ಬೆಳಿಗ್ಗೆ ಅಂಗಡಿಯ ಬಾಗಿಲಾಚೆ ಅವನ ದನಿ ಕೇಳಿಸಿತು.

"ಮುಳ್ಳಮ್ಮಾ! ಉತ್ತರ ಸಿಕ್ತು!"

ಹೊಸಿಲ ಆಚೆ ನಿಂತಿದ್ದ. ಕಣ್ಣು ಕುಳಿಬಿದ್ದಿತ್ತು, ಮುಖದ ತುಂಬ ನಗುವಿತ್ತು. ನಾಚಿಕೆಗೆಟ್ಟ ನನ್ನ ಎದೆ ಎಲ್ಲ ಮರೆತು ಅವನ ಕಡೆ ಹಾರಿತು.

"ಒಳಗೆ ಬಾ."

"ಬರೋ ಹಾಗಿಲ್ಲ. ಅದನ್ನೇ ಹೇಳೋಕೆ ಬಂದೆ. ಬುರುಡೆ ಒಡೆದ್ರೆ ಬ್ಲ್ಯಾಂಕಲ್ಲೂ ಟ್ರಿಟಿಯಮ್! ಎಲ್ಲಿಂದ ಬಂತು ಅಂತ ಲ್ಯಾಬನ್ನೆಲ್ಲ ಜಾಲಾಡಿದ್ವಿ. ಆಮೇಲೆ ನೋಡ್ತೀನಿ, ಕೆಟ್ಟಿರೋವೆಲ್ಲ ನಮ್ಮ ರಜೆಯ ಮಾರನೇ ದಿನ ಮುಚ್ಚಿದ ಬುರುಡೆಗಳು. ನಿನ್ನ ಜೊತೆ ಸುತ್ತಾಡಿ ಬಂದ ಮಾರನೇ ದಿನ! ಖಾತ್ರಿ ಮಾಡ್ಕೋಬೇಕಿತ್ತು. ಅದಕ್ಕೇ ದೂರ ಇದ್ದೆ. ರೂಮಲ್ಲಿ, ಲ್ಯಾಬಲ್ಲಿ ಬಟ್ಟಲಲ್ಲಿ ನೀರಿಟ್ಟೆ. ಗಾಳೀಲಿ ಇರೋದನ್ನ ನೀರು ಹೀರ್ಕೊಳ್ಳುತ್ತೆ, ಅದನ್ನ ಬೇರೆ ಯಂತ್ರದಲ್ಲಿ ಕೂಡಲೇ ಅಳೀಬಹುದು, ಅರ್ಧ ವರ್ಷ ಕಾಯಬೇಕಿಲ್ಲ. ನಿನ್ನ ನೋಡದೆ ದಿನ ಕಳೆದ ಹಾಗೆಲ್ಲ ಅಳತೆ ಇಳೀತಾ ಬಂತು ಕಣೇ. ಈಗ ಪೂರ್ತಿ ತಳಕ್ಕೆ! ಅಂದ್ರೆ ಲ್ಯಾಬ್ ಸರಿ ಇದೆ, ಗಾಜು ಸರಿ ಇದೆ..."

"ನಾನು ಸರಿ ಇಲ್ಲ."

"ಹಾಗಲ್ಲ. ಈ ಅಂಗಡೀಲಿ ಏನೋ ಇದೆ. ನಿನ್ನ ಬಟ್ಟೆ, ಕೈ, ಉಸಿರಲ್ಲೂ ಸ್ವಲ್ಪ ಸ್ವಲ್ಪ ಸೇರಿದೆ. ನಿನಗೇನೂ ತೊಂದರೆ ಇಲ್ಲ, ಆಣೆಗೂ."

"ಅತ್ತೆ ಬಂದಿದ್ದ ದಿನ?"

ನಗು ಸ್ವಲ್ಪ ಇಳಿಯಿತು. "ಅದೂ ಆ ದಿನಗಳಲ್ಲೇ ಬಿತ್ತು."

"ಅಪ್ಪ ಕೋಟು ಹಾಕ್ಕೊಂಡು ಕಾದ್ರು ಕಣೋ. ಒಂದು ಮಾತು ಹೇಳಬಹುದಿತ್ತಲ್ಲ?"

"ಹೇಳಿದ್ರೆ ನೀನು ಕೈ ತೊಳ್ಕೊಂಡು, ಬಟ್ಟೆ ಬದಲಾಯಿಸ್ಕೊಂಡು, ಅಂಗಡಿ ಗುಡಿಸಿ ಸಾರಿಸಿ ಓಡಿ ಬರ್ತಿದ್ದೆ. ಆಗ ಯಾವುದರಿಂದ ಇಳೀತು ಅಂತ ಗೊತ್ತಾಗ್ತಿರಲಿಲ್ಲ. ಬೇರೆ ಏನೂ ಬದಲಾಗಬಾರದಿತ್ತು. ನೀನು ಇಲ್ಲದೇ ಇರೋದೊಂದೇ ಬದಲಾಗಬೇಕಿತ್ತು."

ಏನೂ ಇಲ್ಲದ್ದನ್ನು ಅಳೆದು ನೋಡುವುದು. ಅರ್ಥವಾಯಿತು ನನಗೆ. ಬೇಕಾಗಿದ್ದಕ್ಕಿಂತ ಚೆನ್ನಾಗಿಯೇ ಅರ್ಥವಾಯಿತು. ನಾನು ಎಲ್ಲಿ ತಪ್ಪಿದೆ ಅಂತ ತಲೆ ಚಚ್ಚಿಕೊಳ್ಳುತ್ತಿದ್ದ ಒಂದೊಂದು ದಿನವೂ ಅವನ ಬಟ್ಟಲಿನಲ್ಲಿ ಅಳತೆ ಇಳಿಯುತ್ತಿತ್ತು.

ಅಷ್ಟರಲ್ಲಿ ಅಪ್ಪ ಎದ್ದು ಬಂದಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಬಗ್ಗಿ, ಕೆಳಗಿನ ಡ್ರಾಯರಿನಿಂದ ತಗಡಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಹತ್ತಿಯ ಮೇಲೆ ವಾಚಿನ ಮುಳ್ಳುಗಳು, ಡಯಲ್‌ಗಳು. ಎಲ್ಲದರ ಮೇಲೂ ಬೂದು ಹಳದಿಯ ಚುಕ್ಕೆ.

"ಇದೇ ಇರಬೇಕಪ್ಪ. ಇವಳಮ್ಮ ಬಳಿದಿದ್ದು. ಕೂದಲಿನಂಥ ಬ್ರಶ್ಶಲ್ಲಿ ಒಂದೊಂದೇ ಚುಕ್ಕೆ ಇಡ್ತಿದ್ಲು. ಹೊಳಪು ಹೋಗಿ ಯಾವ ಕಾಲವಾಯ್ತೋ. ಬಿಸಾಕೋಕೆ ಮನಸ್ಸು ಬರಲಿಲ್ಲ."

"ಹೊಳಪು ಹೋಗಿರುತ್ತೆ ಮಾವ. ಸೋರೋದು ನಿಂತಿರಲ್ಲ."

ಅಪ್ಪ ಆ ಪುಟ್ಟ ಪೆಟ್ಟಿಗೆಯನ್ನೂ ತೆಗೆದು ತೆರೆದರು. ಬೆಳ್ಳಿಯ ಬಣ್ಣದ ವಾಚು. ಮುಳ್ಳುಗಳ ಮೇಲೆ ಅದೇ ಚುಕ್ಕೆ. ಅಳಿಯನಿಗಾಗಿ ಇದ್ದುದರಲ್ಲಿ ಅತ್ಯಂತ ಒಳ್ಳೆಯ ಮುಳ್ಳು ಆರಿಸಿದ್ದರು ಪಾಪ. "ಹಾಗಾದ್ರೆ ಇದನ್ನೂ ನೀವು ಕಟ್ಕೊಳ್ಳೋ ಹಾಗಿಲ್ಲ," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಎಲ್ಲ ಕೊಟ್ಟುಬಿಡೋಣ ಮಗಳೇ. ವಸ್ತು ತಾನೆ," ಅಂತ ಒಳಗೆ ಹೋದರು.

"ಮುಗೀತಲ್ಲ!" ಅವನ ಕಣ್ಣು ಮತ್ತೆ ಬೆಳಗಿತು. "ಡಬ್ಬಿ ಹೋದ್ರೆ, ಮೇಜು ತೊಳೆದ್ರೆ, ಕೆಲವು ವಾರಕ್ಕೆ ಮೈಯಲ್ಲಿರೋದೂ ಹೊರಟುಹೋಗುತ್ತೆ. ನೀರು ಕೆಟ್ಟಿದ್ದಕ್ಕೆ ನಾನು ಇನ್ನೊಂದು ಸಲ ಹಡಗು ಹತ್ತಿ ತರಬೇಕು, ಮೇಡಂ ಹೇಳಿದಾರೆ. ಬಂದ ಕೂಡಲೇ ಮದುವೆ. ಆಗ್ಬಹುದಾ?"

ಆಗಬಹುದು ಅಂತ ನಾಲಿಗೆಯ ತುದಿಗೆ ಬಂದಿತ್ತು. ಡಬ್ಬಿ ನನಗೆ ದೊಡ್ಡ ವಿಷಯವಾಗಿರಲಿಲ್ಲ. ಮೊದಲ ದಿನವೇ ಹೇಳಿದ್ದರೆ ಮೊದಲ ದಿನವೇ ಎಸೆಯುತ್ತಿದ್ದೆ, ಅಮ್ಮನೂ ಬೇಡ ಅನ್ನುತ್ತಿರಲಿಲ್ಲ.

"ಒಂದು ಕೇಳ್ತೀನಿ, ಹೇಳು. ನಾಳೆ ಮದುವೆ ಆಗುತ್ತೆ. ಇನ್ಯಾವುದೋ ಕೆಡುತ್ತೆ, ನನ್ನಿಂದಲೇ ಇರಬಹುದು ಅಂತ ನಿನಗೆ ಅನುಮಾನ ಬರುತ್ತೆ. ಆಗ ಬಂದು ನನ್ನ ಹತ್ರ ಕೂತ್ಕೊಂಡು ಹೇಳ್ತೀಯಾ? ಇಲ್ಲ ಮತ್ತೆ ಹೇಳದೇ ಕೇಳದೇ ಆಚೆ ನಿಂತು ಅಳೀತೀಯಾ?"

ಮೊದಲ ದಿನ, ಕಳ್ಳತನವಾ ಅಂತ ಕೇಳಿದಾಗ ಯೋಚಿಸಿದನಲ್ಲ, ಹಾಗೆಯೇ ನಿಂತು ಯೋಚಿಸಿದ.

ಸುಳ್ಳು ಹೇಳೋ, ಅಂತ ಮನಸ್ಸಿನಲ್ಲೇ ಅಂಗಲಾಚಿದೆ. ಒಂದೇ ಒಂದು ಸುಳ್ಳು. ಜನ್ಮವಿಡೀ ಅದನ್ನೇ ನಂಬಿಕೊಂಡಿರ್ತೀನಿ.

"ಹೇಳ್ತೀನಿ ಅಂತ ಹೇಳೋಕೆ ಆಸೆ ಇದೆ," ಅಂದ ಮೆಲ್ಲಗೆ. "ಆದ್ರೆ ಖಾತ್ರಿ ಇಲ್ಲ. ಅನುಮಾನ ಬಂದ್ರೆ ನನಗೆ ಬೇರೆ ದಾರಿ ಗೊತ್ತಿಲ್ಲ ಮುಳ್ಳಮ್ಮ."

ನಾನು ಅವನನ್ನು ಮೆಚ್ಚಿದ್ದು ಇದಕ್ಕೇ. ಕಳೆದುಕೊಂಡದ್ದೂ ಇದಕ್ಕೇ.

"ಹಾಗಾದ್ರೆ ನನ್ನಿಂದ ಆಗಲ್ಲ ಉಪ್ಪುನೀರು. ನೀನು ಆಚೆ ನಿಂತಾಗಲೆಲ್ಲ ನಾನು ಇಲ್ಲಿ ಸಾಯ್ತಾ ಇರ್ತೀನಿ. ಈ ಸಲ ಸತ್ತಿದ್ದು ಸಾಕು."

"ಇಷ್ಟ ಇಲ್ವಾ ಈಗ?"

"ಬಾಯಿ ಮುಚ್ಚೋ. ಇಷ್ಟ ಇಲ್ಲದಿದ್ರೆ ಇಷ್ಟೊಂದು ನೋಯ್ತಿತ್ತಾ?"

ಹೊಸಿಲ ಆಚೆ ಅವನು, ಈಚೆ ನಾನು. ಇಬ್ಬರೂ ದಾಟಲಿಲ್ಲ.

ಡಬ್ಬಿಯನ್ನು ಒಯ್ಯಲು ಮೇಡಂ ತಾವೇ ಬಂದರು. ಇಂಥದ್ದನ್ನು ಕಸದ ಬುಟ್ಟಿಗೆ ಹಾಕುವಂತಿಲ್ಲವಂತೆ. ಕೈಗವಸು ಹಾಕಿಕೊಂಡು ಡಬ್ಬಿಯನ್ನು ಇನ್ನೊಂದು ಡಬ್ಬಿಯೊಳಗಿಟ್ಟು ಬಿಗಿದರು. ಡ್ರಾಯರನ್ನೂ ಮೇಜನ್ನೂ ಉಜ್ಜಿಸಿದರು.

"ಇಷ್ಟೇನಾ? ಬೇರೆ ಏನೂ ಉಳಿದಿಲ್ವಾ?"

"ಇಷ್ಟೇ ಮೇಡಂ."

ಮೇಡಂ ನನ್ನ ಮಣಿಕಟ್ಟಿನ ಕಡೆ ನೋಡಿದರು. ಬಿಸಿಲಿನಲ್ಲೂ ನಾನು ಉದ್ದ ತೋಳಿನ ಸ್ವೆಟರು ಹಾಕಿದ್ದೆ. ಹೋಗುವಾಗ ನನ್ನ ತಲೆ ಸವರಿದರು, ಕೈಗವಸು ಹಾಕಿಕೊಂಡೇ.

ಹಡಗು ಹೊರಡುವ ಮುನ್ನ ಅವನು ಕೊನೆಯ ಸಲ ಬಂದ. ಈಗ ಅಂಗಡಿ ಶುದ್ಧವಾಗಿದೆ ಅಂತ ಧೈರ್ಯವಾಗಿ ಒಳಗೇ ಬಂದ. ಅವತ್ತು ಷರ್ಟಿನ ಗುಂಡಿಗಳು ಸರಿಯಾಗಿದ್ದವು.

ಅಪ್ಪನಿಗೆ ನಮಸ್ಕಾರ ಮಾಡಿದ. ಅಪ್ಪ ಅವನ ಬೆನ್ನು ತಟ್ಟಿ, "ಹುಷಾರಾಗಿ ಹೋಗಿ ಬನ್ನಿ," ಅಂದು ಪರದೆಯ ಹಿಂದೆ ಸರಿದರು.

"ಮನಸ್ಸು ಬದಲಾಗಿಲ್ಲ ಅಲ್ವಾ?"

"ಇಲ್ಲ. ನಿನ್ನದು?"

"ಖಾತ್ರಿ ಹೇಳೋಕೆ ಈಗಲೂ ಆಗಲ್ಲ." ನಗಲು ನೋಡಿದ. "ಕೈಯಾದ್ರೂ ಕೊಡು. ಒಂದೇ ಒಂದು ಸಲ."

ಗಾಜಿನ ಮೇಲಿಂದ ಅವನ ಕೈ ನನ್ನ ಕಡೆ ಚಾಚಿತು. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹಿಂದಕ್ಕೆ ಸರಿದೆ.

ಅವನ ಮುಖ ಬಾಡಿಹೋಯಿತು. "ಅಷ್ಟೊಂದು ಕೋಪಾನಾ?"

"ಕೋಪ ಅಲ್ಲ ಕಣೋ ಹುಚ್ಚ." ಎಡಗೈ ಮುಂದೆ ತಂದು ತೋಳು ಸರಿಸಿ ತೋರಿಸಿದೆ. ಅಪ್ಪ ಅವನಿಗಾಗಿ ಮಾಡಿದ ವಾಚು ನನ್ನ ಮಣಿಕಟ್ಟಿನಲ್ಲಿತ್ತು. "ಇದೊಂದನ್ನ ಮೇಡಂಗೆ ಕೊಡಲಿಲ್ಲ. ಅವತ್ತಿನಿಂದ ಬಿಚ್ಚಿಲ್ಲ. ಮುಟ್ಟಬೇಡ, ನಿನ್ನ ನೀರು ಕೆಡುತ್ತೆ."

ಅವನು ವಾಚನ್ನು ನೋಡಿದ, ನನ್ನನ್ನು ನೋಡಿದ. "ಕೊಟ್ಟಿದ್ರೆ ಇವತ್ತು ಕೈ ಹಿಡ್ಕೋಬಹುದಿತ್ತಲ್ಲೇ."

"ಗೊತ್ತು. ಹಿಡ್ಕೊಂಡಿದ್ರೆ ಬಿಡೋಕಾಗ್ತಿರಲಿಲ್ಲ. ಅದಕ್ಕೇ ಕೊಡಲಿಲ್ಲ."

ಅವನು ಚಾಚಿದ ಕೈಯನ್ನು ಏನು ಮಾಡಬೇಕೋ ತಿಳಿಯದೆ ಹಾಗೇ ಸ್ವಲ್ಪ ಹೊತ್ತು ಹಿಡಿದಿದ್ದ. ಆಮೇಲೆ ಜೇಬಿಗೆ ಹಾಕಿಕೊಂಡ. ಬಾಗಿಲವರೆಗೆ ಹೋದ. ಹೊರಗೆ ಹೋಗಿ, ಕಿಟಕಿಯ ಗಾಜಿನ ಮುಂದೆ ನಿಂತು ನನ್ನನ್ನು ಹತ್ತಿರ ಕರೆದ. ಗಾಜಿನ ಈಚೆ ಹೋಗಿ ನಿಂತೆ. ವಾಚನ್ನು ಗಾಜಿಗೆ ಒತ್ತಿ ಹಿಡಿ ಅಂತ ಸನ್ನೆ ಮಾಡಿದ. ಹಿಡಿದೆ.

ಅವನು ಜಾಕೆಟ್ ಬಿಚ್ಚಿ ತಲೆಯ ಮೇಲೆ ಮುಸುಕು ಹಾಕಿಕೊಂಡು ಗಾಜಿಗೆ ಮುಖ ಹಚ್ಚಿದ.

ಹಾಡಹಗಲು. ಫುಟ್‌ಪಾತಿನ ಜನ ನಿಂತು ನೋಡಿದರು. ಯಾರೋ ನಕ್ಕರು. ನಾನು ಮಣಿಕಟ್ಟನ್ನು ಅಲುಗಾಡಿಸಲಿಲ್ಲ. ಒಂದು ವಾಚ್ ಹೊಳೆಯುತ್ತದೋ ಇಲ್ಲವೋ ನೋಡಲು ಅಷ್ಟು ಹೊತ್ತು ಬೇಕಾಗಿರಲಿಲ್ಲ. ಮುಸುಕಿನ ಕೆಳಗೆ ಅವನ ಭುಜ ಅದುರುತ್ತಿತ್ತು.

"ಹೊಳೀತಿಲ್ಲ," ಅಂದ ಒಳಗಿಂದಲೇ.

"ಸೋರೋದು ನಿಂತಿಲ್ಲ," ಅಂದೆ. ಗಾಜಿನಾಚೆ ಕೇಳಿಸಿತೋ ಇಲ್ಲವೋ.

ಅವನು ಮುಸುಕು ತೆಗೆಯದೆಯೇ ತಿರುಗಿ ಒಂದಷ್ಟು ದೂರ ನಡೆದು, ಆಮೇಲೆ ಜಾಕೆಟ್ ಹಾಕಿಕೊಂಡ. ಬೀದಿಯ ತಿರುವಿನವರೆಗೂ ನೋಡಿದೆ. ಅವನು ಹಿಂತಿರುಗಿ ನೋಡಲಿಲ್ಲ, ನೋಡಿದ್ದರೆ ನಾನು ವಾಚು ಬಿಚ್ಚಿ ಎಸೆದು ಓಡುತ್ತಿದ್ದೆ.

ಅಪ್ಪ ಪರದೆ ಸರಿಸಿ ಕೇಳಿದರು. "ಹೋದ್ರಾ?"

"ಹೋದ್ರು ಅಪ್ಪಾ."

"ವಾಚ್ ಸರಿಯಾಗಿ ನಡೀತಿದೆಯಾ? ನನ್ನ ಕೈ ನಡುಗ್ತಿತ್ತು ಅದನ್ನ ಕೂಡಿಸುವಾಗ."

ಕಿವಿಯ ಹತ್ತಿರ ಹಿಡಿದು ಕೇಳಿದೆ. "ಚೆನ್ನಾಗಿ ನಡೀತಿದೆ ಅಪ್ಪಾ," ಅಂದು ಕೀ ಕೊಟ್ಟೆ.